ಎಲಿ ಫೋಟೋ ಸಾಕಾಗೂದಿಲ್ಲ: ದಾಳಿಂಬೆ ಸೊರಗಿಗೆ ಚಾಕು, ಗಜ್ಜರಿ ಮತ್ತು ನೀಲಿ ಬಣ್ಣ

"ಅಕ್ಕಾರ, ಫೋಟೋ ಹಾಕೀನಿ. ಗಿಡ ಬಾಡಾಕತ್ತೈತಿ. ಏನ್ ಹೊಡಿಲಿ ಹೇಳ್ರಿ."

ರಾಮಥಾಳ ಕಡೆಯ ಒಬ್ಬ ಹುಡುಗ ಕಳೆದ ಹಂಗಾಮಿನಲ್ಲಿ ಕಳಿಸಿದ ಮೆಸೇಜ್ ಇದು. ಎರಡು ಎಕರೆ, ನಾಲ್ಕು ವರ್ಷದ ಭಗವಾ ದಾಳಿಂಬೆ. ಫೋಟೋದಲ್ಲಿ ಒಂದು ಗಿಡದ ಅರ್ಧ ಭಾಗ ಹಸಿರಾಗಿತ್ತು, ಉಳಿದರ್ಧದ ಎಲೆ ಹಳದಿಯಾಗಿ ಜೋತು ಬಿದ್ದಿತ್ತು. ಅದೇ ಫೋಟೋವನ್ನು ಅವನು ನಾಲ್ಕು ಗ್ರೂಪಿಗೆ ಹಾಕಿದ್ದ. ಒಬ್ಬರು ಬೇರುಕೊಳೆ ಅಂದರು, ಇನ್ನೊಬ್ಬರು ಜಂತುಹುಳು ಅಂದರು, ಮತ್ತೊಬ್ಬರು ಹ್ಯೂಮಿಕ್ ಬಿಡು ಸರಿ ಹೋಗ್ತದೆ ಅಂದರು. ಅಂಗಡಿಯಲ್ಲಿ ಕೇಳಿದಾಗ ಆ್ಯಂಟಿಬಯಾಟಿಕ್ ಪುಡಿಯನ್ನೂ ತಾಮ್ರದ ಪುಡಿಯನ್ನೂ ಕೂಡಿಸಿ ಬುಡಕ್ಕೆ ಹಾಕಲು ಕೊಟ್ಟರು. ಹುಡುಗ ಯಾರ ಮಾತನ್ನೂ ಬಿಡಲಿಲ್ಲ, ಎಲ್ಲವನ್ನೂ ಮಾಡಿದ. ನನಗೆ ಮೆಸೇಜ್ ಬರುವ ಹೊತ್ತಿಗೆ 18 ಸಾವಿರ ರೂಪಾಯಿ ಹೋಗಿತ್ತು. ಬಾಡಿದ ಗಿಡಗಳು ಎರಡರಿಂದ ಏಳಾಗಿದ್ದವು.

ನಾನು ಔಷಧ ಹೇಳಲಿಲ್ಲ. ಹೇಳುವುದಕ್ಕೆ ನನಗೂ ಗೊತ್ತಿರಲಿಲ್ಲ. ಬಾಡಿದ ಎಲೆಯ ಫೋಟೋ ಹೇಳುವುದು ಇಷ್ಟೇ: ಗಿಡಕ್ಕೆ ನೀರು ಏರುತ್ತಿಲ್ಲ. ಯಾಕೆ ಏರುತ್ತಿಲ್ಲ ಅನ್ನುವುದು ಅದರಲ್ಲಿ ಇಲ್ಲ. ಕಾಂಡದೊಳಗೆ ಶಿಲೀಂಧ್ರ ಕೂತಿರಬಹುದು, ಬೇರಿನಲ್ಲಿ ಜಂತುಹುಳು ಇರಬಹುದು, ಕಾಂಡ ಕೊರೆಯುವ ಹುಳ ಇರಬಹುದು, ಎರೆಮಣ್ಣಿನಲ್ಲಿ ನೀರು ನಿಂತು ಬೇರು ಉಸಿರುಗಟ್ಟಿರಬಹುದು. ಮೇಲಿಂದ ನೋಡಿದರೆ ನಾಲ್ಕೂ ಒಂದೇ. ಮದ್ದು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ.

ಚಾಕು ಹೇಳಿದ್ದು

ಮರುದಿನ ಹೊಲಕ್ಕೆ ಹೋದೆ. ನಾರಾಯಣಪುರದ ಹಿನ್ನೀರು ಪೈಪಿನಲ್ಲಿ ಬಂದು ಹನಿಹನಿಯಾಗಿ ಬೀಳುವ ಹೊಲ ಅದು. ಸುಮಾರು 24 ಸಾವಿರ ಹೆಕ್ಟೇರಿನ ರಾಮಥಾಳ ಹನಿ ನೀರಾವರಿಯ ಹೆಸರು ನೀವೂ ಕೇಳಿರುತ್ತೀರಿ. ಜೋಳ, ಕಡಲೆ ಬಿತ್ತುತ್ತಿದ್ದ ಎರೆ ಹೊಲಕ್ಕೆ ನೀರು ಬಂದ ಮೇಲೆ ತೋಟದ ಆಸೆ ಹುಟ್ಟುವುದು ಸಹಜ. ಆದರೆ ಎರೆಮಣ್ಣು ನೀರು ಹಿಡಿದರೆ ಬಿಡುವುದಿಲ್ಲ. ಇಲ್ಲಿ ಹನಿಯ ತೂತು ನೇರವಾಗಿ ಬೊಡ್ಡೆಗೇ ತಾಗುವ ಹಾಗೆ ಇಟ್ಟಿದ್ದರು. ಅದನ್ನು ನೋಡಿದಾಗಲೇ ಮನಸ್ಸಿಗೆ ಸ್ವಲ್ಪ ಚುಚ್ಚಿತು.

ಪೂರ್ತಿ ಒಣಗಿದ ಗಿಡವನ್ನು ಬಿಟ್ಟು, ಅರ್ಧ ಬಾಡಿದ ಗಿಡವನ್ನೇ ಆರಿಸಿದೆವು. ಸತ್ತ ಗಿಡದಲ್ಲಿ ಕೊಂದವನ ಜೊತೆಗೆ ತಿನ್ನಲು ಬಂದ ನೂರು ಜನ ಇರುತ್ತಾರೆ, ಗುರುತು ಹಿಡಿಯುವುದು ಕಷ್ಟ. ಬುಡದ ಸುತ್ತ ಮಣ್ಣು ಸರಿಸಿ, ಬೇರು ಕಾಂಡ ಕೂಡುವ ಜಾಗದಲ್ಲಿ ಅಡ್ಡ ಕೊಯ್ದೆವು. ಒಳ್ಳೆ ದಾಳಿಂಬೆ ಕಟ್ಟಿಗೆ ತಿಳಿ ಹಳದಿ ಇರುತ್ತದೆ. ಇದರಲ್ಲಿ ನಡುವಿನಿಂದ ಹೊರಕ್ಕೆ ಗಾಲಿಯ ಕಡ್ಡಿಗಳ ಹಾಗೆ ಬೂದುಗಂದು ಗೆರೆ ಹೊರಟಿದ್ದವು. ಬಾಡಿದ ಬದಿಗೆ ಗೆರೆ ದಟ್ಟ, ಹಸಿರಿದ್ದ ಬದಿಗೆ ಸ್ವಚ್ಛ. ಅರ್ಧ ಗಿಡ ಬಾಡಿದ್ದು ಯಾಕೆ ಅನ್ನುವುದು ಅಲ್ಲೇ ಅರ್ಥವಾಯಿತು: ಆ ಬದಿಯ ನೀರಿನ ನಾಳಗಳು ಕಟ್ಟಿದ್ದವು.

"ಅಂದ್ರ ಬೇರುಕೊಳೆ ಅಲ್ರಿ?" ಅಂದ ಹುಡುಗ.

ಬೇರು ಕೊಳೆತಿದ್ದರೆ ಸಣ್ಣ ಬೇರಿನ ಸಿಪ್ಪೆ ಬೆರಳಿಗೆ ಜಾರಿ ಬರುತ್ತಿತ್ತು. ಇಲ್ಲಿ ಹಾಗಿರಲಿಲ್ಲ. ಕಾಂಡದಲ್ಲಿ ಸೂಜಿ ಚುಚ್ಚಿದಂಥ ತೂತುಗಳೂ ಇರಲಿಲ್ಲ, ಹಾಗಾಗಿ ಕೊರೆಯುವ ಹುಳವನ್ನು ಸದ್ಯಕ್ಕೆ ಬದಿಗಿಟ್ಟೆವು. ಅನುಮಾನ ಒಂದರ ಮೇಲೇ ಬಂತು: ಸೆರಟೋಸಿಸ್ಟಿಸ್ ಫಿಂಬ್ರಿಯೇಟಾ ಅನ್ನುವ ಶಿಲೀಂಧ್ರ.

ಈ ಹೆಸರಿಗೂ ನಮ್ಮ ಸೀಮೆಗೂ ಹಳೆಯ ನಂಟು. 1990ರಲ್ಲಿ ಪಕ್ಕದ ವಿಜಯಪುರ ಜಿಲ್ಲೆಯ ದಾಳಿಂಬೆ ತೋಟಗಳಲ್ಲಿ ಗಿಡಗಳು ಹೀಗೇ ಬಾಡತೊಡಗಿದವು. 1993ರ ಹೊತ್ತಿಗೆ ಬೇಗ ಬೇಗ ಹಬ್ಬಿತು. ಕಾರಣ ಏನು ಅಂತ 1995ರವರೆಗೂ ಗೊತ್ತಾಗಲಿಲ್ಲ. 1996ರಲ್ಲಿ ಬಣ್ಣಗೆಟ್ಟ ಕಾಂಡ, ಬೇರುಗಳಿಂದ ಈ ಶಿಲೀಂಧ್ರವನ್ನು ಬೇರ್ಪಡಿಸಿ ತೆಗೆದರು. ಅಲ್ಲಿಯವರೆಗಿನ ಐದಾರು ವರ್ಷ ಆ ರೈತರು ಏನೇನು ಸುರಿದಿರಬೇಕು ಅಂತ ನಾನು ಆಗಾಗ ಯೋಚಿಸುತ್ತೇನೆ. ಅವರ ಕೈಲಿ ಫೋನ್ ಇರಲಿಲ್ಲ ನಿಜ. ಇದ್ದಿದ್ದರೂ ಎಲೆಯ ಫೋಟೋದಿಂದ ಉಪಯೋಗ ಆಗುತ್ತಿರಲಿಲ್ಲ. ಉತ್ತರ ಇದ್ದದ್ದು ಕಟ್ಟಿಗೆಯ ಒಳಗೆ.

ಗಜ್ಜರಿ ಪರೀಕ್ಷೆ, ಮನೆಯಲ್ಲೇ

ಸೆರಟೋಸಿಸ್ಟಿಸ್ ಹಿಡಿಯಲು ಪ್ರಯೋಗಾಲಯದವರೂ ಬಳಸುವ ಒಂದು ಸರಳ ಉಪಾಯ ಇದೆ. ಅದಕ್ಕೆ ಗಜ್ಜರಿ ಅಂದರೆ ಬಲು ಪ್ರೀತಿ. ತಾಜಾ ಗಜ್ಜರಿ ತೊಳೆದು, ಸ್ಪಿರಿಟ್‌ನಿಂದ ಒರೆಸಿದ ಚಾಕುವಿನಲ್ಲಿ ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ. ಕಾಂಡದಲ್ಲಿ ಕಂದು ಮತ್ತು ಹಳದಿ ಕೂಡುವ ಗಡಿ ಇದೆಯಲ್ಲ, ಅಲ್ಲಿಂದ ಸಣ್ಣ ಚಕ್ಕೆ ಎಬ್ಬಿಸಿ. ಪೂರ್ತಿ ಕಪ್ಪಾದ ಭಾಗ ಬೇಡ. ಎರಡು ಬಿಲ್ಲೆಗಳ ನಡುವೆ ಚಕ್ಕೆ ಇಟ್ಟು, ಒದ್ದೆ ಮಾಡಿ ಹಿಂಡಿದ ಟಿಶ್ಯೂ ಹಾಸಿದ ಡಬ್ಬಿಯಲ್ಲಿ ಮುಚ್ಚಿ ನೆರಳಲ್ಲಿ ಇಡಿ. ಫ್ರಿಜ್ ಬೇಡ, ಬಿಸಿಲೂ ಬೇಡ. ಇನ್ನೊಂದು ಡಬ್ಬಿಯಲ್ಲಿ ಒಳ್ಳೆ ಗಿಡದ ಚಕ್ಕೆ ಇಡುವುದನ್ನು ಮಾತ್ರ ಮರೆಯಬೇಡಿ. ಅದಿಲ್ಲದೆ ಈ ಪರೀಕ್ಷೆಗೆ ಬೆಲೆ ಇಲ್ಲ, ಯಾಕಂದರೆ ಗಜ್ಜರಿಯ ಮೇಲೆ ಸುಮ್ಮಸುಮ್ಮನೆ ಬೆಳೆಯುವ ಬಿಳಿ, ಹಸಿರು ಬೂಸ್ಟೂ ಬಹಳ. ಎರಡನ್ನೂ ಪಕ್ಕಪಕ್ಕ ನೋಡಿದಾಗಲೇ ವ್ಯತ್ಯಾಸ ಗೊತ್ತಾಗುವುದು.

ಐದರಿಂದ ಹತ್ತು ದಿನದೊಳಗೆ ಬಿಲ್ಲೆಯ ಮೇಲೆ ಕರಿ ಕೂದಲು ನಿಮಿರಿ ನಿಂತ ಹಾಗೆ ಕಂಡರೆ ಅನುಮಾನ ಗಟ್ಟಿ. ಪ್ರತಿ ಕೂದಲಿನ ಬುಡದಲ್ಲಿ ಕರಿ ಗುಂಡು, ತುದಿಯಲ್ಲಿ ಕೆನೆ ಬಣ್ಣದ ಒಂದು ಅಂಟು ಹನಿ. ಆ ಗುಂಡು ಶಿಲೀಂಧ್ರದ ಕಾಯಿ, ಹನಿಯಲ್ಲಿ ಇರುವುದು ಬೀಜಕಣ. ಫೋನಿಗೆ ಸಿಕ್ಕಿಸುವ ಸಣ್ಣ ಲೆನ್ಸಿನಲ್ಲೇ ಇದು ಚೆಂದ ಕಾಣುತ್ತದೆ. ಈ ಶಿಲೀಂಧ್ರಕ್ಕೆ ಬಾಳೆಹಣ್ಣಿನ ವಾಸನೆಯೂ ಇರುತ್ತದೆ. ಹುಡುಗನ ಅವ್ವ ಡಬ್ಬಿ ತೆರೆದವರೇ "ಗಜ್ಜರಿ ಇಟ್ಟಿದ್ದು, ಬಾಳೆಹಣ್ಣ ವಾಸನಿ ಯಾಕ ಬರತೈತಿ?" ಅಂದರಂತೆ. ಅದು ಏಳನೇ ದಿನ.

ಕೀಟಗಳನ್ನು ಕರೆಯುವ ವಾಸನೆ ಅದು. ಅಂಟು ಹನಿ ಅವುಗಳ ಕಾಲಿಗೆ ಮೆತ್ತಿಕೊಂಡು ಬೇರೆ ಗಿಡಕ್ಕೆ ಹೋಗುತ್ತದೆ. ಇನ್ನು ನಾವೇ ಒಯ್ಯುವುದು ಬೇರೆ: ರೋಗದ ಸಸಿಯಲ್ಲಿ, ಚಾಟನಿ ಕತ್ತರಿಯಲ್ಲಿ, ಹರಿಯುವ ನೀರಿನಲ್ಲಿ.

ಬಣ್ಣ ಯಾಕೆ ಬೇಕು

ಗಜ್ಜರಿಯ ಮೇಲಿನ ಆ ಹನಿಯನ್ನು ಸೂಜಿಯಲ್ಲಿ ಮುಟ್ಟಿ ಗಾಜಿನ ಪಟ್ಟಿಯ ಮೇಲೆ ಇಟ್ಟೆ. ನನ್ನ ಹತ್ತಿರ ಕಾಲೇಜು ಬಿಟ್ಟ ಮೇಲೆ ಕೊಂಡ ಒಂದು ಹಳೆಯ ಸೂಕ್ಷ್ಮದರ್ಶಕ ಇದೆ. 400 ಪಟ್ಟು ದೊಡ್ಡದಾಗಿ ನೋಡಿದಾಗ ಬೀಜಕಣಗಳು ಅಂಚಿರುವ ಟೊಪ್ಪಿಗೆಯ ಹಾಗೆ ಕಂಡವು. ಟೊಪ್ಪಿಗೆ ಆಕಾರ ಈ ಶಿಲೀಂಧ್ರದ ದೊಡ್ಡ ಗುರುತು. ಪಕ್ಕದಲ್ಲಿ ಕೊಳವೆಯಂಥ ಕಣಗಳು ಸಾಲಾಗಿ ಪೋಣಿಸಿದ್ದವು. ಕಂದು ಬಣ್ಣದ ದಪ್ಪ ಗೋಡೆಯ ಕಣಗಳೂ ಇದ್ದವು. ಇವಕ್ಕೆ ಹುಟ್ಟಿನಿಂದಲೇ ಬಣ್ಣ, ನಾವು ಹಚ್ಚಬೇಕಿಲ್ಲ. ಮಣ್ಣಿನಲ್ಲಿ ಬಹಳ ದಿನ ಬದುಕಿ ಉಳಿಯುವವು ಇವೇ.

ಉಳಿದವಕ್ಕೆ ಬಣ್ಣ ಬೇಕು. ಜೀವಕೋಶ ಅಂದರೆ ಹೆಚ್ಚುಕಡಿಮೆ ನೀರು. ನೀರಿನೊಳಗೆ ನೀರಿನ ಗುಳ್ಳೆಯನ್ನು ಹುಡುಕಿದ ಹಾಗೆ, ಬೆಳಕು ಸೀದಾ ಹಾದು ಹೋಗುತ್ತದೆ. ಹಾಗಾಗಿ ಶಿಲೀಂಧ್ರಕ್ಕೆ ಪ್ರಯೋಗಾಲಯದಲ್ಲಿ ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಅನ್ನುವ ದ್ರಾವಣ ಹಾಕುತ್ತಾರೆ. ಶಿಲೀಂಧ್ರದ ಗೋಡೆಯಲ್ಲಿರುವ ಕೈಟಿನ್ ನೀಲಿ ಬಣ್ಣವನ್ನು ಹೀರಿಕೊಳ್ಳುತ್ತದೆ. ಗಿಡದ ಕೋಶ ಮಬ್ಬಾಗಿ ಉಳಿದು, ಅದರೊಳಗೆ ನೀಲಿ ದಾರ ಓಡಿದ್ದು ಎದ್ದು ಕಾಣುತ್ತದೆ. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಫಿನಾಲ್ ಚರ್ಮ ಸುಡುತ್ತದೆ.

ಒಂದು ಬಣ್ಣ ಒಂದಕ್ಕೆ ಹತ್ತಿ ಇನ್ನೊಂದಕ್ಕೆ ಹತ್ತದಿರುವುದು ಹೇಗೆ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ರೇಷ್ಮೆಗೆ ಹಿಡಿಯುವ ಆಮ್ಲ ಬಣ್ಣ ಹತ್ತಿಗೆ ನಿಲ್ಲುವುದಿಲ್ಲ, ತೊಳೆದರೆ ಹೋಗುತ್ತದೆ. ರೇಷ್ಮೆ ಪ್ರೋಟೀನ್, ಹತ್ತಿ ಸೆಲ್ಯುಲೋಸ್. ಬೇರಿನೊಳಗಿನ ಜಂತುಹುಳು ನೋಡುವಾಗ ನಡೆಯುವುದು ಇದೇ. ಬೇರನ್ನು ತೊಳೆದು ಆ್ಯಸಿಡ್ ಫುಕ್ಸಿನ್ ಅನ್ನುವ ಕೆಂಪು ಬಣ್ಣದಲ್ಲಿ ಕುದಿಸಿ, ಆಮೇಲೆ ಗ್ಲಿಸರಿನ್‌ನಲ್ಲಿ ಇಡುತ್ತಾರೆ. ಬೇರಿನ ಗೋಡೆ ಸೆಲ್ಯುಲೋಸ್, ಅಲ್ಲಿಂದ ಬಣ್ಣ ಬಿಟ್ಟು ಹೋಗುತ್ತದೆ. ಹುಳುವಿನ ಮೈಯಲ್ಲಿ ಪ್ರೋಟೀನ್, ಅಲ್ಲಿ ನಿಲ್ಲುತ್ತದೆ. ತಿಳಿ ಬೇರಿನೊಳಗೆ ಕೆಂಪು ಹುಳುಗಳು ಮಲಗಿದ್ದನ್ನು ಮೊದಲ ಸಲ ಕಾಲೇಜಿನಲ್ಲಿ ನೋಡಿದಾಗ ಮೈ ಜುಮ್ ಅಂದಿತ್ತು.

ಈ ಹುಡುಗನ ತೋಟದ ಬೇರಿನಲ್ಲಿ ಅಲ್ಲಲ್ಲಿ ಗಂಟೂ ಇದ್ದವು, ಆದರೆ ಕಡಿಮೆ. ಜಂತುಹುಳು ಅಂದವರದು ಪೂರ್ತಿ ಸುಳ್ಳಲ್ಲ. ಅವು ಮಾಡಿದ ಗಾಯ ಶಿಲೀಂಧ್ರಕ್ಕೆ ಬಾಗಿಲು. ಆದರೆ ಬರೀ ಜಂತುಹುಳುವಿನ ಮದ್ದು ಹಾಕಿ ಕೂತಿದ್ದರೆ ತೋಟ ಉಳಿಯುತ್ತಿರಲಿಲ್ಲ.

ಉತ್ತರ ಸಿಕ್ಕ ಮೇಲೆ

ಸಿಹಿ ಸುದ್ದಿ ಏನಲ್ಲ. ಕಟ್ಟಿಗೆಯಲ್ಲಿ ಸೆರಟೋಸಿಸ್ಟಿಸ್ ಆಳವಾಗಿ ಹೊಕ್ಕ ಗಿಡ ಬದುಕುವುದಿಲ್ಲ. ಸಾವಯವದಲ್ಲೂ ಇಲ್ಲ, ರಾಸಾಯನಿಕದಲ್ಲೂ ಇಲ್ಲ. ಟ್ರೈಕೊಡರ್ಮಾ ಹಾಕಿದರೆ ಬಾಡಿದ ಗಿಡ ಏಳುತ್ತದೆ ಅಂತ ಮಾರುವವರನ್ನು ನಂಬಬೇಡಿ. ನಾನೂ ಟ್ರೈಕೊಡರ್ಮಾ ಹಾಕುವವಳೇ, ಆದರೆ ಅದು ಒಳ್ಳೆ ಗಿಡದ ಬೇರಿಗೆ ಕಾವಲು, ಹೊಕ್ಕ ಕಳ್ಳನನ್ನು ಹೊರಗೆ ಎಳೆಯುವುದಿಲ್ಲ.

ಆ ಹೊತ್ತಿಗೆ ಒಂಬತ್ತು ಗಿಡ ಬಾಡಿದ್ದವು. ಬೇರುಸಮೇತ ಕಿತ್ತು, ತೋಟದ ನಡುವೆ ಎಳೆದುಕೊಂಡು ಹೋಗದೆ ಅಲ್ಲೇ ಸುಟ್ಟೆವು. ಕುಣಿಯನ್ನು ಬಿಸಿಲಿಗೆ ತೆರೆದು ಬಿಟ್ಟೆವು. ಅಲ್ಲಿ ಈಗಲೇ ಹೊಸ ಸಸಿ ಬೇಡ ಅಂದಾಗ ಹುಡುಗನ ಮುಖ ಸಣ್ಣಗಾಯಿತು. ರೋಗದ ಭಾಗಕ್ಕೂ ಒಳ್ಳೆ ಭಾಗಕ್ಕೂ ನಡುವೆ ಮೂರು ಅಡಿ ಆಳದ ಕಾಲುವೆ ತೋಡಿಸಿದ, ಬೇರಿಗೆ ಬೇರು ತಾಗಬಾರದು ಅಂತ. ಹನಿ ಪೈಪನ್ನು ಬೊಡ್ಡೆಯಿಂದ ಒಂದೂವರೆ ಅಡಿ ಆಚೆ ಸರಿಸಿದೆವು. ಚಾಟನಿ ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಬ್ಲೀಚಿಂಗ್ ನೀರಿನಲ್ಲಿ ಅದ್ದುವುದು ಶುರುವಾಯಿತು. ಸಾಲುಗಳ ನಡುವೆ ಜಂತುಹುಳುವಿಗೆ ಚೆಂಡುಹೂ ಹಾಕಿದ್ದಾನೆ.

ಸುತ್ತಲಿನ ಎರಡು ಸಾಲಿಗೆ ಪ್ರೊಪಿಕೊನಜೋಲ್ ದ್ರಾವಣ ಬುಡಕ್ಕೆ ಸುರಿಯುವ ಶಿಫಾರಸು ಇದೆ. ನನ್ನ ತೋಟವಾಗಿದ್ದರೆ ನಾನು ಹಾಕುತ್ತಿರಲಿಲ್ಲ, ಆದರೆ ಅದು ನನ್ನ ತೋಟವಲ್ಲ, ಸಾಲವೂ ನನ್ನದಲ್ಲ. ಅವನು ಹಾಕಿದ. ಹಾಕುವವರು ಪ್ರಮಾಣವನ್ನು ಪರೀಕ್ಷೆ ಮಾಡಿದ ತಜ್ಞರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಗ್ರೂಪಿನಲ್ಲಿ ಬಂದ ಪ್ರಮಾಣ ಬೇಡ.

ಚುಕ್ಕೆಯಲ್ಲಿ ನಾನೇ ಎಡವಿದ್ದು

ಸೂಕ್ಷ್ಮದರ್ಶಕ ಸಿಕ್ಕರೆ ಎಲ್ಲಾ ಗೊತ್ತಾಗುತ್ತದೆ ಅಂತ ನಾನೂ ಒಂದು ಕಾಲಕ್ಕೆ ನಂಬಿದ್ದೆ. ಓದು ಮುಗಿಸಿ ತೋಟ ಮಾಡಿದ ಎರಡನೇ ವರ್ಷ, ಕಾಯಿಯ ಮೇಲೆ ಕಪ್ಪು ಚುಕ್ಕೆ ಬಂತು. ಚುಕ್ಕೆ ಕೆರೆದು ಗಾಜಿನ ಮೇಲೆ ಇಟ್ಟು ನೋಡಿದರೆ ಆಲ್ಟರ್ನೇರಿಯಾ ಶಿಲೀಂಧ್ರದ ಬೀಜಕಣಗಳು ಕಂಡವು: ಗದೆಯ ಆಕಾರ, ಮೈಮೇಲೆ ಅಡ್ಡ ಉದ್ದ ಗೆರೆ. ಸಿಕ್ಕ ಕಳ್ಳ ಅಂತ ಹಿಗ್ಗಿ, ಶಿಲೀಂಧ್ರಕ್ಕೆ ಅಂತ ಗಂಧಕ ಹೊಡೆದೆ, ಹುಳಿ ಮಜ್ಜಿಗೆ ಹೊಡೆದೆ. ಮೂರು ವಾರದಲ್ಲಿ ಕಾಯಿ ಸೀಳಿದವು, ಗೆಣ್ಣಿನಲ್ಲಿ ಕಪ್ಪಾಗಿ ಟೊಂಗೆ ಮುರಿದವು. ಅದು ದುಂಡಾಣು ಅಂಗಮಾರಿ. ಆಲ್ಟರ್ನೇರಿಯಾ ಸತ್ತ ಚುಕ್ಕೆಯ ಮೇಲೆ ಊಟಕ್ಕೆ ಬಂದು ಕೂತಿತ್ತು ಅಷ್ಟೇ. ಆ ಬಹಾರ ಪೂರ್ತಿ ಹೋಯಿತು.

ಚುಕ್ಕೆಯ ನಡುವಿನ ಸತ್ತ ಭಾಗ ನೋಡಿದ್ದೇ ನನ್ನ ತಪ್ಪು. ನೋಡಬೇಕಾದದ್ದು ಅಂಚು. ಎಳೆಯ ಚುಕ್ಕೆ ಇರುವ ಎಲೆಯನ್ನು ಮೊದಲು ಬಿಸಿಲಿಗೆ ಹಿಡಿಯಿರಿ. ಸುತ್ತ ಎಣ್ಣೆ ಹಚ್ಚಿದ ಕಾಗದದ ಹಾಗೆ ಬೆಳಕು ಸೋರಿದರೆ ದುಂಡಾಣುವಿನ ಅನುಮಾನ ಮಾಡಿ. ಮಹಾರಾಷ್ಟ್ರದವರು ಇದನ್ನು ತೇಲ್ಯಾ ಅನ್ನುವುದು ಈ ಎಣ್ಣೆ ನೋಟಕ್ಕೇ. ಆಮೇಲೆ ಚುಕ್ಕೆಯ ಅಂಚನ್ನು ಸ್ವಲ್ಪ ಹಸಿರು ಸೇರಿಸಿ ಬ್ಲೇಡಿನಲ್ಲಿ ಕೊಯ್ದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಇಟ್ಟು ಮುಚ್ಚಿ. 100 ಪಟ್ಟಿನಲ್ಲಿ, ಬೆಳಕು ಕಡಿಮೆ ಮಾಡಿ, ಎರಡು ಮೂರು ನಿಮಿಷ ಕಾಯಿರಿ. ಕೊಯ್ದ ಅಂಚಿನಿಂದ ಊದಿನಕಡ್ಡಿಯ ಹೊಗೆಯ ಹಾಗೆ ಒಂದೇ ಸಮನೆ ಹೊರಟರೆ ಅವು ದುಂಡಾಣುಗಳು, ಲಕ್ಷಗಟ್ಟಲೆ. ಹಸಿರು ಕಣ ಚೆಲ್ಲಾಪಿಲ್ಲಿಯಾಗಿ ತೇಲಿದರೆ ಅದು ಎಲೆಯ ಪತ್ರಹರಿತ್ತು, ಗಾಬರಿ ಬೇಡ. ಒಳ್ಳೆ ಎಲೆಯನ್ನೂ ಹೀಗೇ ಕೊಯ್ದು ಹೋಲಿಸಿ ನೋಡಿ.

ಇದಕ್ಕೆ ಬಣ್ಣವೂ ಬೇಡ. ಪ್ರಯೋಗಾಲಯದವರು ಮುಂದೆ ಗ್ರಾಂ ಬಣ್ಣ ಹಾಕುತ್ತಾರೆ. 1884ರಲ್ಲಿ ಬರ್ಲಿನ್‌ನಲ್ಲಿ ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶ ನೋಡುತ್ತಿದ್ದ ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಕಂಡುಹಿಡಿದದ್ದು. ನೇರಳೆ ಬಣ್ಣ ಹಿಡಿದಿಟ್ಟುಕೊಳ್ಳುವ ದುಂಡಾಣು ಒಂದು ಗುಂಪು, ಆಲ್ಕೋಹಾಲ್ ತಾಗಿದೊಡನೆ ಬಿಟ್ಟುಕೊಟ್ಟು ಆಮೇಲೆ ಗುಲಾಬಿ ಆಗುವವು ಇನ್ನೊಂದು. ದಾಳಿಂಬೆಯ ಕ್ಸಾಂಥೋಮೊನಾಸ್ ಗುಲಾಬಿ ಗುಂಪಿನದು. ಆದರೆ ಟೊಮೆಟೊ ಸೊರಗಿಸುವ ದುಂಡಾಣುವೂ ಗುಲಾಬಿಯೇ. ಅಂದರೆ ಬಣ್ಣ ಮನೆತನ ಹೇಳುತ್ತದೆ, ಹೆಸರು ಹೇಳುವುದಿಲ್ಲ. ಹೆಸರಿಗೆ ತಟ್ಟೆಯಲ್ಲಿ ಬೆಳೆಸಬೇಕು, ಅಥವಾ ಡಿಎನ್‌ಎ ನೋಡಬೇಕು.

ಟೊಮೆಟೊ, ಬದನೆ ಹಾಕಿದವರಿಗೆ ಸೂಕ್ಷ್ಮದರ್ಶಕವೂ ಬೇಕಿಲ್ಲ. ಬಾಡಿದ ಗಿಡದ ಬುಡದ ಕಾಂಡ ಕೊಯ್ದು, ಕೊಯ್ದ ತುದಿ ಮಾತ್ರ ಮುಳುಗುವಂತೆ ಗಾಜಿನ ಲೋಟದ ತಿಳಿ ನೀರಿನಲ್ಲಿ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನ ಎಳೆ ಇಳಿದರೆ ದುಂಡಾಣು ಸೊರಗು. ಇಳಿಯದೆ ಕಾಂಡದೊಳಗೆ ಕಂದು ಗೆರೆ ಇದ್ದರೆ ಫ್ಯುಸೇರಿಯಂ ಶಿಲೀಂಧ್ರದ ಸೊರಗು ಇರಬಹುದು. ಕಡಲೆಯ ಸೊರಗಿನಲ್ಲೂ ಕಾಂಡ ಸೀಳಿದರೆ ಇಂಥದ್ದೇ ಗೆರೆ ಕಾಣುತ್ತದೆ.

ಇದನ್ನೆಲ್ಲ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಆ ಆ್ಯಂಟಿಬಯಾಟಿಕ್ ಪುಡಿ. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಎರಡೂ ಮನುಷ್ಯರ ಔಷಧಗಳು. ಸ್ಟ್ರೆಪ್ಟೊಮೈಸಿನ್ ಕ್ಷಯದ ಮದ್ದು. ಇವನ್ನು ಬೆಳೆಗೆ ಬಳಸುವುದನ್ನು ನಿಲ್ಲಿಸಲು ಕೇಂದ್ರ ಸರಕಾರ 2021ರ ಡಿಸೆಂಬರಿನಲ್ಲಿ ಕರಡು ಆದೇಶ ಹೊರಡಿಸಿತು. ಶಿಲೀಂಧ್ರಕ್ಕೆ ಇವು ಏನೂ ಮಾಡವು. ನಮ್ಮ ಹುಡುಗ ಅವನ್ನು ಸುರಿದದ್ದು ಶಿಲೀಂಧ್ರದ ರೋಗಕ್ಕೆ.

ಫೋನ್ ಎಲ್ಲಿಯವರೆಗೆ, ಪ್ರಯೋಗಾಲಯ ಎಲ್ಲಿಂದ

ಫೋನಿಗೆ ಸಿಕ್ಕಿಸುವ ಲೆನ್ಸ್‌ನಲ್ಲಿ ನುಸಿ, ಥ್ರಿಪ್ಸ್, ಗಜ್ಜರಿಯ ಮೇಲಿನ ಕರಿ ಕೂದಲು ಕಾಣುತ್ತವೆ. ಸ್ಟ್ಯಾನ್‌ಫರ್ಡ್‌ನಲ್ಲಿ ಮನು ಪ್ರಕಾಶ್ ತಂಡ 2014ರಲ್ಲಿ ತೋರಿಸಿದ ಕಾಗದದ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ಸುಮಾರು 140 ಪಟ್ಟು ದೊಡ್ಡದು ಮಾಡುತ್ತದೆ. ಅದನ್ನು ಫೋನಿಗೆ ಅಂಟಿಸಿ ಫೋಟೋವನ್ನೂ ತೆಗೆಯಬಹುದು. ಜಂತುಹುಳು, ದೊಡ್ಡ ಬೀಜಕಣಕ್ಕೆ ಅದು ಸಾಕು. ಒಂದೆರಡು ಮೈಕ್ರಾನ್ ಉದ್ದದ ದುಂಡಾಣು ಒಂದೊಂದಾಗಿ ಕಾಣುವ ಆಸೆ ಬೇಡ.

ಅದಕ್ಕೂ ಮೀರಿದ್ದು ಇದ್ದರೆ 2008ರಿಂದ ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ದಾಳಿಂಬೆಗೇ ಮೀಸಲಾದ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸೊಲ್ಲಾಪುರದಲ್ಲಿದೆ. ಆದರೆ ಹೋಗುವ ಮುಂಚೆ ಮಾದರಿ ಸರಿಯಾಗಿ ತೆಗೆಯಿರಿ. ಅರ್ಧ ಬಾಡಿದ ಗಿಡದ ಬುಡದ ಕಾಂಡ, ಬೇರು, ಬೇರಿನ ಸುತ್ತಲಿನ ಒಂದು ಹಿಡಿ ಹಸಿ ಮಣ್ಣು, ಮೂರೂ ಬೇಕು. ಕಾಂಡ, ಎಲೆಯನ್ನು ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಬೆವತು ಕೊಳೆಯುತ್ತದೆ. ಮಣ್ಣು ಬೇರು ಮಾತ್ರ ಒಣಗದಂತೆ ಚೀಲದಲ್ಲಿ, ಒಣಗಿದರೆ ಜಂತುಹುಳು ಸಾಯುತ್ತವೆ. ಅವತ್ತೇ ಒಯ್ಯಿರಿ, ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ. ಈ ಹಿಂದೆ ಏನೇನು ಹಾಕಿದಿರಿ ಅನ್ನುವ ಪಟ್ಟಿಯನ್ನೂ ಒಯ್ಯಿರಿ, ಮುಚ್ಚಿಡಬೇಡಿ. ಬೈಸಿಕೊಂಡರೂ ಚಿಂತೆಯಿಲ್ಲ.

ಹೋದ ವಾರ ಅದೇ ಹುಡುಗನಿಂದ ಮತ್ತೆ ಫೋಟೋ ಬಂತು. ಕಾಲುವೆಯ ಆಚೆ ಬದಿಯ ಒಂದು ಗಿಡದ ಎಲೆ ಸ್ವಲ್ಪ ಹಳದಿ ಆಗಿತ್ತಂತೆ. ಆದರೆ ಅವನು ಕಳಿಸಿದ್ದು ಎಲೆಯ ಫೋಟೋ ಅಲ್ಲ, ಪಕ್ಕಪಕ್ಕ ಇಟ್ಟ ಎರಡು ಗಜ್ಜರಿ ಡಬ್ಬಿ.

"ಅಕ್ಕಾರ, ಇವತ್ತಿಗೆ ಎಂಟು ದಿನ. ಎರಡರಾಗೂ ಬರೇ ಬಿಳಿ ಬೂಸ್ಟು, ಕರಿ ಕೂದಲಿಲ್ಲ. ಬಾಳೆಹಣ್ಣ ವಾಸನಿನೂ ಇಲ್ಲ. ಹನಿ ಪೈಪ್ ನೋಡಿದ್ನಿ, ಆ ಗಿಡಕ್ಕ ತೂತು ಮುಚ್ಚಿತ್ರಿ."

ತೂತು ಬಿಡಿಸು, ಡಬ್ಬಿ ಇನ್ನೆರಡು ದಿನ ಮುಚ್ಚಿಯೇ ಇಡು ಅಂದೆ.